ನಾಲ್ಕನೆಯ ಕುರ್ಚಿ

ಏಪ್ರಿಲ್ 6

ಅಪ್ಪನಿಗೆ,

ಹನ್ನೊಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ದಯವಿಟ್ಟು ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ನಿಮಿಷಕ್ಕೆ ಕಿರುಚಾಡಲು ಶುರುಮಾಡುತ್ತೇವೆ. ಕಾಗದದಲ್ಲಿ ಕಿರುಚಬೇಕಾದರೆ ಲಕೋಟೆ ಹುಡುಕಬೇಕು, ಅಂಚೆಚೀಟಿ ಅಂಟಿಸಬೇಕು, ಡಬ್ಬದವರೆಗೆ ನಡೆಯಬೇಕು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಅದೇ ಹಲ್ಲು ಕಟ್ಟುವ ಲ್ಯಾಬಿನಲ್ಲಿದ್ದೇನೆ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಯಾರದೋ ಬಾಯಿಗೆ ಮೇಣದಲ್ಲಿ ಹಲ್ಲು ಕೆತ್ತುತ್ತೇನೆ. ಕಿಟಕಿ ಪಕ್ಕದ ಮೇಜು ನನ್ನದು. ತಲೆಯಲ್ಲಿ ಸದಾ ಪ್ಲಾಸ್ಟರ್ ಪುಡಿ, ನೋಡಿದವರು ನರೆ ಅಂದುಕೊಳ್ಳುತ್ತಾರೆ.

ವಿಷಯಕ್ಕೆ ಬರುತ್ತೇನೆ. ಸಂಜೆ ಆರಕ್ಕೆ ನಾನು ಆನ್‌ಲೈನ್‌ನಲ್ಲಿ ಪೋಕರ್ ಆಡುತ್ತೇನೆ. ಒಂದೇ ಮೇಜಿನ ಪಂದ್ಯ. ಒಂಬತ್ತು ಜನ ಕೂರುತ್ತಾರೆ, ಎಲ್ಲರಿಗೂ ಸಮನಾಗಿ ಬಿಲ್ಲೆ. ಬಿಲ್ಲೆ ಮುಗಿದವರು ಎದ್ದು ಹೋಗಬೇಕು. ಕೊನೆಗೆ ಉಳಿದ ಮೂವರಿಗೆ ಮಾತ್ರ ಬಹುಮಾನ. ಮೊದಲ ಕೈಗೇ ಎದ್ದು ಹೋದ ಒಂಬತ್ತನೆಯವನಿಗೂ ಒಂದು ಗಂಟೆ ಬೆವರು ಸುರಿಸಿದ ನಾಲ್ಕನೆಯವನಿಗೂ ಒಂದೇ ಸೊನ್ನೆ. ಕಳೆದ ಹದಿನೈದು ದಿನದಲ್ಲಿ ಏಳು ಸಲ ಆ ನಾಲ್ಕನೆಯವಳು ನಾನೇ.

ಅಡುಗೆಮನೆಯ ಮೇಜಿನ ಮೇಲೆ, ಅಮ್ಮನ ಗುಂಡಿಗಳನ್ನು ಬಿಲ್ಲೆ ಮಾಡಿಕೊಂಡು ನನಗೆ ಈ ಆಟ ಕಲಿಸಿದವನು ನೀನು. ಹಾಗಾಗಿ ನಿನ್ನನ್ನೇ ಕೇಳುತ್ತಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಕೇಳಿದೆ ಅಂದಮಾತ್ರಕ್ಕೆ ಮರೆತೆ ಅಂತಲ್ಲ. ನಾನು ದಂತವೈದ್ಯಕೀಯ ಓದುವುದನ್ನು ಮೂರನೆಯ ವರ್ಷದಲ್ಲಿ ಬಿಟ್ಟಾಗ, ನೆಂಟರೆಲ್ಲ ಕೂತಿದ್ದ ಕೋಣೆಯಲ್ಲಿ ನೀನು ಹೇಳಿದ್ದೆ: "ಇವಳು ಗೆಲ್ಲೋ ಎಲೆ ಕೈಲಿದ್ರೂ ಬಿಟ್ಟು ಏಳೋಳು." ಅದು ನನಗೆ ಅಕ್ಷರ ಅಕ್ಷರ ನೆನಪಿದೆ.

ನಿನ್ನ ಮಗಳು


ಏಪ್ರಿಲ್ 15

ಮಗಳೇ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನೀನು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ, ಉಳಿದದ್ದಕ್ಕೆ ನನಗೆ ಬರೆಯಲು ಬರುವುದಿಲ್ಲ.

ಒಂಬತ್ತು ಜನ ಇರುವಾಗ ನೀನು ಏನೂ ಮಾಡಬೇಡ. ಟೀ ಕುಡಿ. ಒಳ್ಳೆಯ ಜೋಡಿ ಬಂದರೆ ಆಡು, ಇಲ್ಲದಿದ್ದರೆ ಎಲೆ ಬಿಡು. ಆ ಹೊತ್ತಿನಲ್ಲಿ ವೀರರೆಲ್ಲ ಒಬ್ಬರನ್ನೊಬ್ಬರು ಹೊರಗಟ್ಟುತ್ತಾರೆ, ನೋಡಿಕೊಂಡಿರು. ಆದರೆ ಹತ್ತು ನಿಮಿಷಕ್ಕೊಮ್ಮೆ ಕಡ್ಡಾಯದ ಪಣ ಏರುತ್ತದಲ್ಲ, ಅದು ನಿನ್ನ ಬಿಲ್ಲೆಯಲ್ಲಿ ಹತ್ತನೆಯ ಒಂದು ಭಾಗದಷ್ಟಾದ ಕೂಡಲೇ ಟೀ ಲೋಟ ಕೆಳಗಿಡು. ಅಲ್ಲಿಂದ ಮುಂದೆ ಎರಡೇ ಕೆಲಸ: ಇರುವ ಬಿಲ್ಲೆಯನ್ನೆಲ್ಲ ಪೂರ್ತಿ ಮುಂದೆ ತಳ್ಳುವುದು, ಇಲ್ಲವೇ ಎಲೆ ಬಿಡುವುದು. ನಡುವಿನದು ಯಾವುದೂ ಇಲ್ಲ. ಸ್ವಲ್ಪ ಹಾಕಿ ನೋಡೋಣ ಅನ್ನುವವರೇ ನಾಲ್ಕನೆಯವರಾಗುವುದು.

ಇನ್ನೊಂದು. ತಳ್ಳುವುದಕ್ಕೆ ಬೇಕಾದ ಎಲೆ ಬೇರೆ, ತಳ್ಳಿದವನನ್ನು ತಡೆಯುವುದಕ್ಕೆ ಬೇಕಾದ ಎಲೆ ಬೇರೆ. ನೀನು ತಳ್ಳಿದರೆ ಎದುರಿನವನು ಹೆದರಿ ಬಿಡಬಹುದು, ಆಗ ನಿನ್ನ ಕೈಯಲ್ಲಿ ಕಸವಿದ್ದರೂ ನಡೆಯುತ್ತದೆ. ಆದರೆ ತಡೆಯುವವನಿಗೆ ಆ ಅನುಕೂಲವಿಲ್ಲ, ಅವನ ಎಲೆ ಗೆಲ್ಲಲೇಬೇಕು. ನಾಲ್ವರು ಉಳಿದಾಗ ಎಲ್ಲರಿಗೂ ನಾಲ್ಕನೆಯ ಕುರ್ಚಿಯ ಭಯ. ಆ ಭಯ ನಿನಗೆ ಎಲ್ಲರಿಗಿಂತ ಒಂದು ಚೂರು ಕಡಿಮೆ ಇದ್ದರೆ ಸಾಕು.

ಅಮ್ಮ ಇದ್ದಾಗ ನಮಗೆ ಪೂರ್ತಿ ತಳ್ಳಲು ಬಿಡುತ್ತಿರಲಿಲ್ಲ, ನೆನಪಿದೆಯಾ? "ಒಂದು ಗುಂಡಿ ಉಳಿಸ್ಕೊಳ್ರಪ್ಪಾ, ಅಂಗಿಗೆ ಬೇಕು" ಅನ್ನುತ್ತಿದ್ದಳು. ನೀನು ಆ ಅಭ್ಯಾಸ ಬಿಡು. ಪೂರ್ತಿ ಅಂದರೆ ಪೂರ್ತಿ.

ಅಂಗಡಿಗೆ ದಿನವೂ ಹೋಗುತ್ತೇನೆ. ಈಗ ಎಲ್ಲ ಎಲೆಕ್ಟ್ರಾನಿಕ್ ತಕ್ಕಡಿ, ರಿಪೇರಿಗೆ ಬರುವುದು ವಾರಕ್ಕೆರಡು. ಮಿಕ್ಕ ಹೊತ್ತು ಹಿತ್ತಾಳೆಯ ತೂಕದ ಬಟ್ಟುಗಳನ್ನು ಒರೆಸುತ್ತ ಕೂರುತ್ತೇನೆ.

ಅಪ್ಪ


ಜೂನ್ 9

ಅಪ್ಪನಿಗೆ,

ಎರಡು ತಿಂಗಳು ಬರೆಯಲಿಲ್ಲ, ಏಕೆಂದರೆ ನಂಬಿಕೆ ಬರಲಿ ಅಂತ ಕಾಯುತ್ತಿದ್ದೆ. ಈಗ ಬಂದಿದೆ. ಪ್ರತಿ ಪಂದ್ಯವನ್ನೂ ನಿನ್ನ ಹಾಗೇ ಪುಸ್ತಕದಲ್ಲಿ ಬರೆದಿಡುತ್ತೇನೆ. ಮೇ ತಿಂಗಳಲ್ಲಿ ನಾನು ಕೂತ ಮೇಜುಗಳಲ್ಲಿ ಅರ್ಧಕ್ಕರ್ಧ ಬಹುಮಾನದ ಮೂವರಲ್ಲಿ ನಾನಿದ್ದೇನೆ. ಅರ್ಧಕ್ಕರ್ಧ! ಯಾರನ್ನಾದರೂ ಕೇಳಿ ನೋಡು, ಅದು ಎಷ್ಟು ಕಷ್ಟ ಅಂತ ಹೇಳುತ್ತಾರೆ. ನಾಲ್ವರು ಉಳಿದ ಕೂಡಲೇ ತಳ್ಳುತ್ತೇನೆ. ನೀನು ಹೇಳಿದ ಹಾಗೇ ಆಗುತ್ತದೆ, ಹೆದರಿ ಬಿಡುತ್ತಾರೆ.

ಅದರಲ್ಲೂ ಒಬ್ಬ ಆಸಾಮಿ ಇದ್ದಾನೆ. ಅಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ, ಇವನು "ಹಳೇ ಛತ್ರಿ" ಅಂತ ಇಟ್ಟುಕೊಂಡಿದ್ದಾನೆ. ಆರು ಗಂಟೆಗೆ ತಪ್ಪದೆ ಹಾಜರು. ಬೇರೆಯವರ ಹತ್ತಿರ ಕಲ್ಲಿನ ಹಾಗೆ ಕೂತು ಆಡುವ ಗಟ್ಟಿ ಮನುಷ್ಯ, ನಾನು ತಳ್ಳಿದರೆ ಮಾತ್ರ ಹಾವು ಕಂಡವನ ಹಾಗೆ ಹಿಂದೆ ಸರಿಯುತ್ತಾನೆ. ನನ್ನ ಧೈರ್ಯ ಅವನಿಗೆ ಅರ್ಥವಾಗಿದೆ ಅಂದುಕೊಂಡಿದ್ದೇನೆ. ಛತ್ರಿ ಬಂದ ದಿನ ನಾನು ಎರಡು ಸಲ ಯೋಚಿಸುವುದೇ ಇಲ್ಲ.

ಹೇಳು, ಬಿಟ್ಟು ಏಳುವವಳು ಹೀಗೆ ಆಡುತ್ತಾಳಾ?

ನಿನ್ನ ಮಗಳು


ಜೂನ್ 20

ಅಕ್ಕಾ,

ಇದನ್ನು ಓದಿ ಹರಿದು ಹಾಕು. ನನ್ನಿಂದ ಒಂದು ತಪ್ಪಾಗಿದೆ, ಆಗುತ್ತಲೇ ಇದೆ.

ಮಗಳು ಕಾಗದ ಬರೆದಿದ್ದಾಳೆ ಅಂತ ಹೇಳಿದ್ದೆನಲ್ಲ. ಅವಳು ಆಡುವ ಜಾಗ ಯಾವುದು ಅಂತ ಹುಡುಕಿ ಹೋದೆ. ಸುಮ್ಮನೆ ನೋಡೋಣ ಅಂತ, ಅಷ್ಟೇ. ಯಾರ ಮುಖವೂ ಕಾಣದ ಜಾಗ ಅದು. ಎರಡನೆಯ ಸಂಜೆ ಒಂದು ಮೇಜಿನಲ್ಲಿ "ಗುಂಡಿಡಬ್ಬಿ" ಅಂತ ಹೆಸರು ಕಂಡಿತು. ಅವಳ ಅಮ್ಮನ ಗುಂಡಿಡಬ್ಬಿಯ ಸಂಗತಿ ಗೊತ್ತಿರುವವರು ಈ ಭೂಮಿಯ ಮೇಲೆ ಎಷ್ಟು ಜನ? ಮನೆಬಿಟ್ಟು ಹೋಗುವಾಗ ಅವಳು ತೆಗೆದುಕೊಂಡು ಹೋದದ್ದೂ ಅದೊಂದನ್ನೇ.

ಒಂದು ವಾರ ನೋಡಿದೆ. ಆಮೇಲೆ ತಡೆಯಲಾರದೆ ಒಂದು ಹೆಸರು ಇಟ್ಟುಕೊಂಡು ಅದೇ ಮೇಜಿಗೆ ಕೂತೆ. ಪಕ್ಕದ ಕುರ್ಚಿಯಲ್ಲಿ ಮಗಳು ಕೂತ ಹಾಗೇ ಅನಿಸಿತು. ನಾಲ್ವರು ಉಳಿದೆವು. ಅವಳು ಪೂರ್ತಿ ತಳ್ಳಿದಳು. ನನ್ನ ಕೈಯಲ್ಲಿ ಎರಡು ರಾಜ. ಅಂಥ ಎಲೆಯನ್ನು ಯಾವ ಬುದ್ಧಿಯಿದ್ದವನೂ ಬಿಡುವುದಿಲ್ಲ. ನಾನು ತಡೆದಿದ್ದರೆ ಅವಳು ಐದರಲ್ಲಿ ನಾಲ್ಕು ಸಲ ಎದ್ದು ಹೋಗಬೇಕು, ಮತ್ತೆ ನಾಲ್ಕನೆಯವಳಾಗಿ. ಆ ದಿನ ನೆಂಟರ ಮುಂದೆ ಅವಳ ಮುಖ ಹೇಗಾಗಿತ್ತು ಅನ್ನುವುದು ಕಣ್ಣಿಗೆ ಕಟ್ಟಿತು. ಎಲೆ ಬಿಟ್ಟೆ.

ಅವತ್ತು ಅವಳು ಎರಡನೆಯವಳಾದಳು. ಮರುದಿನವೂ ಹೋದೆ. ಈಗ ದಿನವೂ ಹೋಗುತ್ತೇನೆ. "ತಪ್ಪಾಯ್ತು ಮಗಳೇ" ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ ಅಂತ ನಿನಗೆ ಗೊತ್ತು. ಎಲೆ ಬಿಡುವುದು ಸುಲಭ. ಆದರೆ ಮೊನ್ನೆಯ ಕಾಗದದಲ್ಲಿ ಅವಳು ತನ್ನ ಧೈರ್ಯದ ಬಗ್ಗೆ ಬರೆದಿದ್ದಾಳೆ, ಅದನ್ನು ಓದಿದ ಮೇಲೆ ನಿನಗೆ ಬರೆಯಲು ಕೂತೆ.

ತಮ್ಮ


ಜುಲೈ 1

ಲೋ ತಮ್ಮ,

ಹರಿದು ಹಾಕಿಲ್ಲ. ಇನ್ನೂ ಎರಡು ಸಲ ಬೈಯ್ಯುವುದಕ್ಕೆ ಬೇಕು.

ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನು ನೀನು. ಅಂಗಡಿಯವನು ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗಿಸಿದರೆ ಬೀದಿ ಕೇಳುವ ಹಾಗೆ ರೇಗುತ್ತಿದ್ದವನು. ಈಗ ಸ್ವಂತ ಮಗಳ ತಟ್ಟೆಯ ಮೇಲೆ ಹೆಬ್ಬೆರಳಿಟ್ಟು "ನೋಡಮ್ಮ ಎಷ್ಟು ತೂಗ್ತೀಯ" ಅಂತಿದ್ದೀಯಲ್ಲ, ನಾಚಿಕೆ ಆಗುವುದಿಲ್ಲವೇನೋ? ಪೋಕರೋ ಪೀಕರೋ ನನಗೆ ತಿಳಿಯದು. ಆದರೆ ಆ ಮೊಂಡಿಯನ್ನು ಹುಟ್ಟಿದ ದಿನದಿಂದ ಬಲ್ಲೆ. ತಾನು ಗಟ್ಟಿ ಅಂತ ಅವಳಿಗೆ ಅನಿಸಿತೋ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಟ್ಟು ಅದರ ಹಿಂದೆ ಹೊರಡುತ್ತಾಳೆ.

ಆಸ್ಪತ್ರೆಯಲ್ಲಿ ನರ್ಸಾಗಿ ನಾನು ಕಲಿತದ್ದು ಇಷ್ಟೇ. ಗಾಯಕ್ಕೆ ಅಂಟಿಸಿದ ಪಟ್ಟಿ ಕೀಳುವುದಾದರೆ ಒಂದೇ ಸಲಕ್ಕೆ ಕೀಳಬೇಕು. ಕೂದಲು ಕೂದಲಾಗಿ ಬಿಡಿಸುತ್ತ ಕೂತರೆ ರೋಗಿಯೂ ಅಳುತ್ತಾನೆ, ನರ್ಸೂ ಅಳುತ್ತಾಳೆ. ಈಗಲೇ ಹೇಳಿಬಿಡು.

ಅಕ್ಕ


ಜುಲೈ 25

ಅಪ್ಪನಿಗೆ,

ದೊಡ್ಡ ಸುದ್ದಿ. ಲ್ಯಾಬಿನ ಯಜಮಾನಿಗೆ ಕಣ್ಣು ಮಂಜಾಗುತ್ತಿದೆ. ನಿನ್ನೆ ನನ್ನನ್ನು ಒಳಗೆ ಕರೆದು ಹೇಳಿದರು: "ಲ್ಯಾಬು ನೀನು ನೋಡ್ಕೋ. ಆಗಲ್ಲ ಅಂದ್ರೆ ಸೆಪ್ಟೆಂಬರ್ ಮೂವತ್ತರೊಳಗೆ ಹೇಳು, ಬೇರೆಯವ್ರು ಕಾಯ್ತಾ ಇದ್ದಾರೆ." ಒಪ್ಪಿಕೊಂಡರೆ ಬೆಳಗ್ಗೆ ಏಳಕ್ಕೆ ಬೀಗ ತೆಗೆದು ಸಂಜೆ ಏಳಕ್ಕೆ ಹಾಕಬೇಕು, ಆಟಕ್ಕೆ ಹೊತ್ತು ಉಳಿಯುವುದಿಲ್ಲ. ಒಪ್ಪದಿದ್ದರೆ ಆ ಮೇಜೂ ನನ್ನದಲ್ಲ, ಬರುವ ಹೊಸಬರು ತಮ್ಮವರನ್ನು ಕರೆತರುತ್ತಾರೆ.

ಮೂರು ತಿಂಗಳ ಹಿಂದೆ ಕೇಳಿದ್ದರೆ ಕುಣಿದಾಡಿ ಒಪ್ಪುತ್ತಿದ್ದೆ. ಈಗ ಯೋಚಿಸುತ್ತಿದ್ದೇನೆ. ಆಟವನ್ನೇ ಕೆಲಸ ಮಾಡಿಕೊಂಡರೆ? ಬೆಳಗ್ಗೆಯೂ ಆಡಬಹುದು, ಇನ್ನೂ ದೊಡ್ಡ ಮೇಜಿಗೆ ಹೋಗಬಹುದು. ಜನ ಹಾಗೆ ಬದುಕುತ್ತಿದ್ದಾರೆ. ನನ್ನ ಫಲಿತಾಂಶ ಅವರಿಗಿಂತ ಕಡಿಮೆ ಇಲ್ಲ. ಇಷ್ಟು ಚೆನ್ನಾಗಿ ಬಂದ ಕೆಲಸ ನನಗೆ ಜೀವಮಾನದಲ್ಲಿ ಇದೊಂದೇ.

ಕಲಿಸಿದವನು ನೀನು. ನೀನು "ಮಾಡು" ಅಂದರೆ ನನಗೆ ಸಂತೋಷ. ಹಾಂ, ಬರೆದುಬಿಟ್ಟೆ.

ನಿನ್ನ ಮಗಳು


ಆಗಸ್ಟ್ 4

ಮಗಳೇ,

ಯಜಮಾನಿ ನಿನ್ನನ್ನು ಕೇಳಿದ್ದು ಸುಮ್ಮನೆ ಅಲ್ಲ. ಮೇಣದಲ್ಲಿ ಹಲ್ಲು ಕೆತ್ತುವುದು ಎಲ್ಲರ ಕೈಗೂ ಬರುವುದಿಲ್ಲ. ಲ್ಯಾಬು ಒಪ್ಪಿಕೋ.

ಆಟದ ಫಲಿತಾಂಶ ನಂಬುವ ಹಾಗಿಲ್ಲ. ಇನ್ನೂರು ಮುನ್ನೂರು ಪಂದ್ಯ ಅನ್ನುವುದು ಏನೂ ಅಲ್ಲ, ಅದೃಷ್ಟದ ಗಾಳಿ ಅಷ್ಟು ದಿನ ಬೀಸಬಹುದು. ದೊಡ್ಡ ಮೇಜಿನಲ್ಲಿ ಜನ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆ ಛತ್ರಿಯಂಥವರು ಅಲ್ಲಿ ಸಿಗುವುದಿಲ್ಲ.

ಇನ್ನೂ ಏನೋ ಬರೆಯಬೇಕೆಂದಿದ್ದೆ. ಮುಂದಿನ ಸಲ ಬರೆಯುತ್ತೇನೆ.

ಅಪ್ಪ


ಆಗಸ್ಟ್ 11

ಅಪ್ಪನಿಗೆ,

ಗಾಳಿ! ಎರಡು ಹಾಳೆ ತುಂಬ ನಾನು ಖುಷಿಯಲ್ಲಿ ಬರೆದರೆ ನಿನಗೆ ಕಂಡದ್ದು ಗಾಳಿ. ನಾನು ಬಿಟ್ಟರೂ ತಪ್ಪು, ಬಿಡದಿದ್ದರೂ ತಪ್ಪು. ನಿನ್ನ ಅಂಗಡಿಯ ಎಲ್ಲ ಬಟ್ಟನ್ನೂ ತಂದು ನನ್ನ ತಟ್ಟೆಗೇ ಪೇರಿಸಿದರೂ ನಾನು ನಿನ್ನ ಲೆಕ್ಕದಲ್ಲಿ ಹಗುರಾಗಿ ಮೇಲಕ್ಕೇ ಇರುತ್ತೇನೆ, ಅಲ್ಲವಾ?

ಸಲಹೆ ಕೇಳಿದ್ದು ನನ್ನ ತಪ್ಪು. ಇನ್ನು ಬರೆಯಬೇಡ.

(ಸಹಿ ಬೇಕಾ?)


ಸೆಪ್ಟೆಂಬರ್ 3

ಅಕ್ಕಾ,

ನೀನು ಕೇಳಿದೆ, ಹೇಳಿದೆಯಾ ಅಂತ. ಇಲ್ಲ.

ಬೇರೊಂದು ದಾರಿ ಹಿಡಿದೆ. ಆಡುವುದನ್ನೇ ನಿಲ್ಲಿಸಿದೆ. ನಾನಿಲ್ಲದೆ ಅವಳ ಫಲಿತಾಂಶ ತಾನಾಗಿ ಕೆಳಗಿಳಿಯಲಿ, ಅವಳೇ ಅರ್ಥಮಾಡಿಕೊಂಡು ಲ್ಯಾಬಿಗೆ ಹೂಂ ಅನ್ನಲಿ, ನನ್ನ ಬಾಯಿಂದ ಏನೂ ಬರುವುದು ಬೇಡ ಅಂತ. ಹದಿನೈದು ದಿನ ದೂರದಿಂದ ನೋಡಿದೆ. ಆಡದೆ ನೋಡುವುದಕ್ಕೂ ಅಲ್ಲಿ ಅವಕಾಶವಿದೆ. ಅವಳು ನಾಲ್ಕನೆಯವಳಾದಳು, ಆರನೆಯವಳಾದಳು, ಮತ್ತೆ ನಾಲ್ಕು, ಮತ್ತೆ ನಾಲ್ಕು. ಅವಳು ತಳ್ಳುತ್ತಾಳೆ, ಯಾರೋ ಎಕ್ಕ ಹಿಡಿದು ತಡೆಯುತ್ತಾರೆ. ಎದ್ದು ಹೋಗುತ್ತಾಳೆ, ಎರಡೇ ನಿಮಿಷಕ್ಕೆ ಇನ್ನೊಂದು ಮೇಜಿಗೆ ಬಂದು ಕೂರುತ್ತಾಳೆ. ಸೋತವರು ಹಾಗೆ ಕೂರಬಾರದು. ನಾನು ಕಲಿಸಲು ಮರೆತ ಪಾಠ ಅದು.

ತಡೆಯಲಾಗಲಿಲ್ಲ. ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಮತ್ತೆ ಕೂತೆ. ನಾನು ಕೂತದ್ದು ಕಂಡು ಅವಳು ಪರದೆಯ ಮೂಲೆಯಲ್ಲಿ, ಆಡುವವರು ಮಾತು ಬರೆಯುವ ಜಾಗದಲ್ಲಿ, "ಬಂದ್ರಾ ಛತ್ರಿಗಳೇ, ಎಲ್ಲಿ ಹೋಗಿದ್ರಿ" ಅಂತ ಬರೆದಳು. ಅಕ್ಕಾ, ಹದಿನಾರು ತಿಂಗಳ ಮೇಲೆ ಮಗಳು ನನ್ನನ್ನು ಎಲ್ಲಿ ಹೋಗಿದ್ದೆ ಅಂತ ಕೇಳಿದಳು. ಕಣ್ಣು ಒರೆಸಿಕೊಂಡು ಏನು ಆಡಿದೆನೋ ನನಗೇ ಗೊತ್ತಿಲ್ಲ. ಯಾರೋ ಮೂರನೆಯವನ ಮೇಲೆ ಇದ್ದದ್ದನ್ನೆಲ್ಲ ತಳ್ಳಿ ಹೊರಗಟ್ಟಿದೆ, ಅವಳು ಎರಡನೆಯವಳಾದಳು.

ಮೂವತ್ತಕ್ಕೆ ಇನ್ನು ಇಪ್ಪತ್ತೇಳು ದಿನ. ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಕೆಲಸ ಬಿಡುತ್ತಾಳೆ. ನೀನಾದರೂ ಹೇಳುತ್ತೀಯಾ?

ತಮ್ಮ


ಸೆಪ್ಟೆಂಬರ್ 8

ತಮ್ಮ,

ನಾನು ಹೇಳುವುದಿಲ್ಲ. ಹೇಳುವುದು ಕಷ್ಟ ಅಂತಲ್ಲ, ಒಂದು ಫೋನಿನ ಕೆಲಸ. ಆದರೆ ನನ್ನ ಕೈಯಲ್ಲಿ ಹೇಳಿಸಿದರೆ ಅದೂ ನೀನು ಬಿಟ್ಟ ಎಲೆಯೇ ಆಗುತ್ತದೆ. ಅವಳನ್ನು ಬಿಟ್ಟು ಏಳುವವಳು ಅಂದೆಯಲ್ಲ, ಇಲ್ಲಿ ಬಿಟ್ಟು ಬಿಟ್ಟು ಏಳುತ್ತಿರುವವನು ಯಾರು?

ಅಳುವುದಿದ್ದರೆ ಅತ್ತುಬಿಟ್ಟು ಬರೆ. ಕಾಗದದ ಮೇಲೆ ಹನಿ ಬೀಳಿಸಬೇಡ, ಅಕ್ಷರ ಓದಲು ಬರುವುದಿಲ್ಲ.

ಅಕ್ಕ


ಸೆಪ್ಟೆಂಬರ್ 13

ಅಪ್ಪನಿಗೆ,

ಬರೆಯುವುದಿಲ್ಲ ಅಂದಿದ್ದೆ, ಆದರೆ ತಿಳಿಸದೆ ಮಾಡುವುದು ಸರಿಯಲ್ಲ. ತೀರ್ಮಾನ ಆಗಿದೆ. ಇಪ್ಪತ್ತೈದನೆಯ ತಾರೀಕು ಯಜಮಾನಿಗೆ ಬೇಡ ಅಂತ ಹೇಳಿ, ಮೇಜು ಖಾಲಿ ಮಾಡಿ ಬರುತ್ತೇನೆ. ಅಕ್ಟೋಬರ್ ಒಂದರಿಂದ ದೊಡ್ಡ ಮೇಜುಗಳಲ್ಲಿ ಆಡುತ್ತೇನೆ. ಕೂಡಿಟ್ಟದ್ದನ್ನೆಲ್ಲ ಅದಕ್ಕೇ ಎತ್ತಿಟ್ಟಿದ್ದೇನೆ. ಈ ಸಲ ಯಾರು ಏನೇ ಅಂದರೂ ಬಿಡುವುದಿಲ್ಲ.

ಕೊನೆಯದಾಗಿ ಆಟದ ಒಂದು ಪ್ರಶ್ನೆ. ಇದೊಂದಕ್ಕೆ ಉತ್ತರ ಬರೆ. ನಾಲ್ವರು ಉಳಿದಿದ್ದಾರೆ. ನಿನ್ನ ಕೈಯಲ್ಲಿ ಎರಡು ರಾಜ. ಎದುರಿನವಳು ಪೂರ್ತಿ ತಳ್ಳಿದ್ದಾಳೆ. ನೀನು ಏನು ಮಾಡುತ್ತೀಯ?

ನಿನ್ನ ಮಗಳು


ಸೆಪ್ಟೆಂಬರ್ 18

ಮಗಳೇ,

ಇದು ನಾಲ್ಕನೆಯ ಕಾಗದ. ಮೂರನ್ನು ಹರಿದೆ. ಇದನ್ನು ಮುಗಿಸಿದ ಕೂಡಲೇ, ತಿರುಗಿ ಓದದೆ, ಚಪ್ಪಲಿ ಮೆಟ್ಟಿಕೊಂಡು ಹೋಗಿ ಡಬ್ಬಕ್ಕೆ ಹಾಕುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ: ಎರಡು ರಾಜ ಇದ್ದವನು ತಡೆಯಬೇಕು, ಯೋಚಿಸುವ ಅಗತ್ಯವೇ ಇಲ್ಲ. ನಾನು ಬಿಟ್ಟೆ. ಮೇ ಎರಡನೆಯ ತಾರೀಕು, ಸಂಜೆ ಆರೂ ಐವತ್ತಕ್ಕೆ.

ಹಳೇ ಛತ್ರಿ ನಾನು.

ನಿನ್ನ ಹೆಸರು ಕಂಡ ದಿನವೇ ಗುರುತು ಹಿಡಿದೆ. ಅವತ್ತೇ ಹೇಳಬಹುದಿತ್ತು. ಬದಲಿಗೆ ನಿನ್ನ ಎದುರು ಕೂತೆ, ನೀನು ತಳ್ಳಿದಾಗಲೆಲ್ಲ ಬಿಟ್ಟೆ. ಬಿಟ್ಟ ಎಲೆ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ನಿನಗೆ ತಿಳಿಯುವ ಹಾಗಿರಲಿಲ್ಲ. ಆದರೆ ನನ್ನ ಅಭ್ಯಾಸ ಗೊತ್ತಲ್ಲ, ಅಂಗಡಿಯ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಮೇ ಹದಿನೇಳು, ಎಕ್ಕದ ಜೋಡಿ, ಬಿಟ್ಟೆ. ಜೂನ್ ಎರಡು, ರಾಣಿ ಜೋಡಿ, ಬಿಟ್ಟೆ. ಜುಲೈ ಇಪ್ಪತ್ತೈದು, ನೀನು ಯಜಮಾನಿಯ ಸುದ್ದಿ ಬರೆದ ದಿನ, ಎಕ್ಕ ಮತ್ತು ರಾಜ, ಬಿಟ್ಟೆ. ಹೀಗೆ ಆರು ಪುಟ ಇದೆ. ಆ ಪುಟಗಳನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನಿನ್ನ ಪುಸ್ತಕದ ಜೊತೆ ಇಟ್ಟು ತಾಳೆ ನೋಡು. ನಾನಿದ್ದ ಮೇಜುಗಳನ್ನು ತೆಗೆದುಹಾಕಿ, ಉಳಿದದ್ದನ್ನು ಮಾತ್ರ ಎಣಿಸು. ಅದು ನಿನ್ನ ನಿಜವಾದ ತೂಕ. ಅದು ಎಷ್ಟೇ ಇರಲಿ, ಅದರ ಮೇಲೆ ತೀರ್ಮಾನ ಮಾಡು.

ಏಕೆ ಮಾಡಿದೆ ಅಂತ ಕೇಳುತ್ತೀಯ. ಆ ದಿನ ಕೋಣೆಯಲ್ಲಿ ಆಡಿದ ಮಾತು ವಾಪಸು ತೆಗೆದುಕೊಳ್ಳಲು ನನಗೆ ಬೇರೆ ದಾರಿ ಕಾಣಲಿಲ್ಲ. ಬಾಯಿಂದ ಬಂದದ್ದನ್ನು ಬಾಯಿಂದಲೇ ವಾಪಸು ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳುತ್ತೇನೆ. ನೀನು ಬಿಟ್ಟು ಏಳುವವಳಲ್ಲ. ನಿನಗೆ ಬೇಡದ್ದನ್ನು ಮೂರು ವರ್ಷ ನನಗೋಸ್ಕರ ಹಿಡಿದುಕೊಂಡಿದ್ದೆ. ನನಗೆ ನಾಚಿಕೆಯಾಗಿತ್ತು, ಆ ನಾಚಿಕೆಯನ್ನು ನಿನ್ನ ತಲೆಗೆ ಕಟ್ಟಿದೆ. ತಪ್ಪಾಯ್ತು ಮಗಳೇ.

ಇದನ್ನು ಓದಿದ ಮೇಲೆ ನೀನು ಮತ್ತೆ ಬರೆಯದಿರಬಹುದು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇಪ್ಪತ್ತೈದರೊಳಗೆ ಇದು ನಿನ್ನ ಕೈ ಸೇರಲಿ. ಮೇಜು ಖಾಲಿ ಮಾಡಬೇಡ.

ಅಪ್ಪ


ಸೆಪ್ಟೆಂಬರ್ 24

ಅಪ್ಪಾ,

ನಿನ್ನ ಕಾಗದ ನಿನ್ನೆ ಬಂತು. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಸಿಟ್ಟು ಬಂದದ್ದು ನಿಜ, ಪ್ಲಾಸ್ಟರಿನ ಒಂದು ದವಡೆಯ ಅಚ್ಚನ್ನು ಗೋಡೆಗೆ ಎಸೆದದ್ದೂ ನಿಜ. ಪಾಪ, ಯಾರೋ ಬಸ್ ಕಂಡಕ್ಟರದ್ದು, ಇವತ್ತು ಮತ್ತೆ ಹೊಯ್ಯಬೇಕಾಯಿತು.

ಆದರೆ ಸಿಟ್ಟು ನಿನ್ನೆಯದಲ್ಲ. ನನಗೆ ಆಗಸ್ಟ್ ಇಪ್ಪತ್ತೊಂಬತ್ತರಿಂದಲೇ ಗೊತ್ತು.

ಅವತ್ತು ಛತ್ರಿ ಮೂರನೆಯವನೊಬ್ಬನ ಮೇಲೆ ತಳ್ಳಿದ. ಪೂರ್ತಿ ಅಲ್ಲ. ಸಾವಿರದ ಎಂಟುನೂರ ನಲವತ್ತು ಬಿಲ್ಲೆಯಲ್ಲಿ ಸಾವಿರದ ಎಂಟುನೂರ ಮೂವತ್ತೊಂಬತ್ತು. ಅವನ ಹೆಸರಿನ ಕೆಳಗೆ "1" ಅಂತ ಒಂದು ಅಂಕಿ ಉಳಿದಿತ್ತು. ಲೋಕದಲ್ಲಿ ಯಾವ ಪೋಕರ್ ಆಡುವವನೂ ಒಂದು ಬಿಲ್ಲೆ ಉಳಿಸಿಕೊಳ್ಳುವುದಿಲ್ಲ ಅಪ್ಪಾ. ಅಂಗಿಗೆ ಬೇಕು ಅನ್ನುವವರ ಮನೆಯವರು ಮಾತ್ರ ಉಳಿಸಿಕೊಳ್ಳುತ್ತಾರೆ. ನನಗೆ ಅಭ್ಯಾಸ ಬಿಡು ಅಂತ ಪಾಠ ಬರೆದವನ ಕೈಯೇ ಬಿಟ್ಟಿರಲಿಲ್ಲ. ಪರದೆಯ ಮುಂದೆ ಕೂತು ಎಷ್ಟು ಹೊತ್ತು ಅತ್ತೆನೋ. ಆಮೇಲೆ ಪುಸ್ತಕ ತೆಗೆದೆ.

ನೀನು ಮಾಡು ಅಂದ ಲೆಕ್ಕ ಆಗಲೇ ಮಾಡಿದ್ದೇನೆ. ಒಟ್ಟು ಮುನ್ನೂರ ಹನ್ನೆರಡು ಪಂದ್ಯ. ಛತ್ರಿ ಇದ್ದದ್ದು ತೊಂಬತ್ತನಾಲ್ಕರಲ್ಲಿ, ಅಲ್ಲಿ ಎಪ್ಪತ್ತೊಂದು ಸಲ ನನಗೆ ಬಹುಮಾನ. ಉಳಿದ ಇನ್ನೂರ ಹದಿನೆಂಟರಲ್ಲಿ ಐವತ್ತೆಂಟು. ಒಂಬತ್ತು ಜನರಲ್ಲಿ ಮೂವರಿಗೆ ಬಹುಮಾನ ಅಂದರೆ ಕಣ್ಣುಮುಚ್ಚಿ ಆಡುವವಳಿಗೂ ಎಪ್ಪತ್ತೆರಡು ಸಿಗಬೇಕು. ನಾನು ಕಣ್ಣುಮುಚ್ಚಿದವಳಿಗಿಂತ ಕೆಟ್ಟದಾಗಿ ಆಡುತ್ತೇನೆ. ನೋವಾಯಿತು. ಈಗಲೂ ಆಗುತ್ತಿದೆ, ಅದರಲ್ಲಿ ಸುಳ್ಳು ಹೇಳುವುದಿಲ್ಲ.

ಇನ್ನೊಂದು ಮಾತು ಇದೆ, ಅದು ನಿನ್ನ ಕಾಗದದಲ್ಲಿ ಇಲ್ಲ. ಆ ಮೇಜುಗಳಲ್ಲಿ ನಾವಿಬ್ಬರೇ ಇರಲಿಲ್ಲ. ನೀನು ಎಲೆ ಬಿಟ್ಟಾಗಲೆಲ್ಲ ನಾನು ಉಳಿದೆ, ನನ್ನ ಬದಲು ಬೇರೆ ಯಾರೋ ನಾಲ್ಕನೆಯವರಾಗಿ ಎದ್ದು ಹೋದರು. ನೀನು ನನಗೆ ಕೊಟ್ಟದ್ದು ನಿನ್ನದಾಗಿರಲಿಲ್ಲ. ನಿನ್ನ ಆರು ಪುಟಗಳನ್ನೂ ನನ್ನ ಪುಸ್ತಕವನ್ನೂ ಸೇರಿಸಿ ಆಟದ ಕಂಪನಿಗೆ ಕಳಿಸಿದೆ. ಇಬ್ಬರ ಖಾತೆಯನ್ನೂ ಮುಚ್ಚಿ, ಅದರಲ್ಲಿ ಇರುವುದನ್ನು ಆ ಮೇಜುಗಳಲ್ಲಿ ಸೋತವರಿಗೆ ಹಂಚಿ ಅಂತ ಬರೆದೆ. ಗುಂಡಿಡಬ್ಬಿ, ಹಳೇ ಛತ್ರಿ ಇಬ್ಬರೂ ಇನ್ನು ಅಲ್ಲಿ ಕೂರುವ ಹಾಗಿಲ್ಲ.

ಈಗ ಲ್ಯಾಬಿನ ವಿಷಯ. ಸೆಪ್ಟೆಂಬರ್ ಹನ್ನೆರಡಕ್ಕೇ ಯಜಮಾನಿಗೆ ಹೂಂ ಅಂದಿದ್ದೇನೆ. ಬೀಗದ ಕೈ ನನ್ನ ಹತ್ತಿರವೇ ಇದೆ.

ಹೌದು, ಮರುದಿನ ಕೂತು ನಿನಗೆ ಸುಳ್ಳು ಬರೆದೆ. ಮೇಜು ಖಾಲಿ ಮಾಡುತ್ತೇನೆ ಅಂದೆ, ಕೂಡಿಟ್ಟದ್ದೆಲ್ಲ ಹಾಕುತ್ತೇನೆ ಅಂದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ ಅಪ್ಪಾ, ಬರೀ ಕಸ. ಎರಡು ರಾಜ ಅಂದದ್ದೂ ಊಹೆಯೇ, ಯಾರೂ ಬಿಡಬಾರದ ಎಲೆ ಅಂತ ಬರೆದೆ. ಆದರೂ ಇರುವುದನ್ನೆಲ್ಲ ಮುಂದೆ ತಳ್ಳಿದೆ. ನನ್ನನ್ನು ಕಳೆದುಕೊಳ್ಳುವ ಭಯಕ್ಕೆ ನೀನು ಈ ಸಲವೂ ಸುಮ್ಮನಿರುತ್ತೀಯೋ, ನಾನು ದೂರವಾದರೂ ಸರಿ ಅಂತ ತಡೆಯುತ್ತೀಯೋ, ತಿಳಿಯಬೇಕಿತ್ತು. ಹತ್ತು ದಿನ ಅಂಚೆಯವನು ಬೀದಿಗೆ ತಿರುಗಿದಾಗಲೆಲ್ಲ ಕೆತ್ತುತ್ತಿದ್ದ ಹಲ್ಲು ಕೈಯಿಂದ ಜಾರುತ್ತಿತ್ತು. ಎಂಟನೆಯ ದಿನ ಆಸೆ ಬಿಟ್ಟಿದ್ದೆ.

ನೀನು ತಡೆದೆ. ಮೊದಲನೆಯ ಸಲ. ಇಷ್ಟು ಸಂತೋಷವಾಗಿ ನಾನು ಯಾವತ್ತೂ ಸೋತಿಲ್ಲ.

ಅತ್ತೆಗೆ ಹೇಳು, ಅವರ ಮೊಂಡಿ ಲ್ಯಾಬಿನ ಯಜಮಾನಿ ಆಗಿದ್ದಾಳೆ ಅಂತ. ನೀನು ಶನಿವಾರ ಬಾ. ಎಡಗಡೆಯ ಆ ಹಲ್ಲಿಲ್ಲದೆ ಎಷ್ಟು ವರ್ಷ ಒಂದೇ ಪಕ್ಕದಲ್ಲಿ ಅಗಿಯುತ್ತೀಯ? ಅಳತೆ ತೆಗೆಯುವಾಗ ಬಾಯಿ ತುಂಬ ಅಚ್ಚಿನ ಹಿಟ್ಟು ಇರುತ್ತದೆ, ಐದು ನಿಮಿಷ ನೀನು ಕಿರುಚುವ ಹಾಗಿಲ್ಲ. ಅಷ್ಟು ಹೊತ್ತು ನಾನೂ ಸುಮ್ಮನಿರುತ್ತೇನೆ. ಆಮೇಲೆ ಇಸ್ಪೀಟ್ ಕಟ್ಟು ತೆಗೆಯೋಣ. ನನ್ನ ಕೈಗೆ ಎಂಥ ಎಲೆ ಬಂದರೂ ಕನಿಕರ ತೋರಿಸಬೇಡ, ಹೊಡೆದು ಹಾಕು. ಹೇಗೆ ಆಡಬೇಕು ಅಂತ ನಾನು ಇನ್ನೂ ಕಲಿಯಬೇಕಾಗಿದೆ.

ಅತ್ತೆ ಫೋನಿನಲ್ಲಿ ಹೇಳಿದರು, ನಿನ್ನ ನೀಲಿ ಅಂಗಿಯ ಎದೆಯ ಮೇಲೆ ಗುಂಡಿ ಹೋಗಿ ವರ್ಷವಾಯಿತಂತೆ, ಪಿನ್ನು ಚುಚ್ಚಿಕೊಂಡು ಓಡಾಡುತ್ತೀಯಂತೆ. ಲಕೋಟೆಯನ್ನು ಎಸೆಯುವ ಮುಂಚೆ ಒಳಗೆ ಕೈ ಹಾಕಿ ನೋಡು. ಅಮ್ಮನ ಡಬ್ಬಿಯಿಂದ ಒಂದು ಇಟ್ಟಿದ್ದೇನೆ. ಹೊಲಿದುಕೊಂಡು ಬಾ.

ನಿನ್ನ ಮಗಳು